ಮೇ 29: ಒಂದು ತಾರೀಖಿನ ಚರಿತ್ರೆ

"ಚರಿತ್ರೆಯಲ್ಲಿ ಈ ದಿನ" ಎಂಬ ಸಂದೇಶಗಳು ಈಗ ಫಜ್ರ್ ನಮಾಝ್ ಮುಗಿಸಿ ಬರುವಷ್ಟರಲ್ಲಿ ಮೊಬೈಲಿಗೆ ಬಂದು ಬಿದ್ದಿರುತ್ತವೆ. ಇದೇ ತಾರೀಖಿನಂದು ಇಂತಹ ರಾಜ ಹುಟ್ಟಿದ, ಇದೇ ತಾರೀಖಿನಂದು ಇಂತಹ ಹಡಗು ಮುಳುಗಿತು ಎಂಬ ಪಟ್ಟಿ. ಓದಲು ಸೊಗಸಾಗಿಯೇ ಇರುತ್ತದೆ. ಅಷ್ಟಕ್ಕೇ ನಿಂತರೆ ತೊಂದರೆಯಿಲ್ಲ. ಆದರೆ ಪಟ್ಟಿಯ ಕೆಳಗೆ ಯಾರಾದರೊಬ್ಬರು "ಈ ತಾರೀಖಿನಲ್ಲಿ ಏನೋ ಇದೆ" ಎಂದು ಸೇರಿಸುತ್ತಾರೆ. ಆ "ಏನೋ" ಮೆಲ್ಲಗೆ ಮನೆಯೊಳಗೆ ಬಂದು, ಮಗಳ ನಿಕಾಹ್ ಯಾವ ದಿನ ಇಡಬೇಕು, ಹೊಸ ಅಂಗಡಿಯ ಬಾಗಿಲು ಯಾವ ದಿನ ತೆರೆಯಬಾರದು ಎಂಬಲ್ಲಿಗೆ ಮುಟ್ಟುತ್ತದೆ. ಆದುದರಿಂದ ಒಂದೇ ಒಂದು ತಾರೀಖನ್ನು ಹಿಡಿದು ನಿಧಾನವಾಗಿ ನೋಡೋಣ. ನಾನು ಆರಿಸಿಕೊಂಡದ್ದು ಮೇ 29.

ಈ ತಾರೀಖು ಹೇಳಿದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಕಾನ್‌ಸ್ಟಾಂಟಿನೋಪಲ್ ವಿಜಯ. 1453ರ ಮೇ 29, ಮಂಗಳವಾರ. ಸುಲ್ತಾನ್ ಎರಡನೇ ಮುಹಮ್ಮದ್‌ಗೆ ಆಗ 21 ವರ್ಷ. ನಮ್ಮಲ್ಲಿ ಆ ವಯಸ್ಸಿನ ಹುಡುಗರು ಡಿಗ್ರಿಯ ಕೊನೆಯ ವರ್ಷದಲ್ಲಿರುತ್ತಾರೆ. ಏಪ್ರಿಲ್ 6ರಂದು ಶುರುವಾದ ಮುತ್ತಿಗೆ 53 ದಿನ ನಡೆಯಿತು. ಸಾವಿರ ವರ್ಷ ಹಳೆಯದಾದ ಕೋಟೆಗೋಡೆಯನ್ನು ಒಡೆಯಲು ದೊಡ್ಡ ಫಿರಂಗಿ ಎರಕ ಹೊಯ್ದು ಕೊಟ್ಟವನು ಹಂಗೇರಿಯ ಒರ್ಬನ್ ಎಂಬ ಕ್ರೈಸ್ತ ಕಸುಬುದಾರ. ಆತ ಮೊದಲು ಹೋದದ್ದು ಕೋಟೆಯ ಒಳಗಿದ್ದ ಚಕ್ರವರ್ತಿಯ ಬಳಿಗೇ. ಅಲ್ಲಿ ಅವನಿಗೆ ಸಂಬಳ ಕೊಡಲು ಹಣವಿರಲಿಲ್ಲ. ಬಂದರಿನ ಬಾಯಿಗೆ ಕಟ್ಟಿದ್ದ ಸರಪಳಿಯನ್ನು ದಾಟಲಾಗದೆ, ಏಪ್ರಿಲ್ 22ರಂದು ಎಪ್ಪತ್ತರಷ್ಟು ಹಡಗುಗಳನ್ನು ಕೊಬ್ಬು ಸವರಿದ ಮರದ ದಿಮ್ಮಿಗಳ ಮೇಲೆ ಗುಡ್ಡ ಹತ್ತಿಸಿ ಇನ್ನೊಂದು ಬದಿಯ ನೀರಿಗೆ ಇಳಿಸಿದ ಸಂಗತಿ ಮದ್ರಸದ ಮಕ್ಕಳಿಗೂ ಗೊತ್ತು. ಒಳಗಿದ್ದ ಕಾವಲುಪಡೆ ಏಳು ಸಾವಿರದ ಆಸುಪಾಸು. ಅಷ್ಟು ಉದ್ದದ ಗೋಡೆಗೆ ಅದು ಸಾಲದು.

ಇಷ್ಟು ಕಾರಣಗಳು ಕಣ್ಣೆದುರಿಗಿದ್ದರೂ ಆ ಊರಿನ ಜನ ಬೇರೊಂದು ಕಾರಣವನ್ನು ಹೇಳುತ್ತಿದ್ದರು. ಪತನಕ್ಕೆ ಸರಿಯಾಗಿ ಒಂದು ವಾರ ಮೊದಲು, ಮೇ 22ರ ಸಂಜೆ, ಹುಣ್ಣಿಮೆಯ ಚಂದ್ರ ಮೂಡಬೇಕಾದಲ್ಲಿ ಸಣ್ಣ ಗೆರೆಯಂತಹ ಚಂದ್ರ ಮೂಡಿತು. ಅದು ಚಂದ್ರಗ್ರಹಣ. ಮುತ್ತಿಗೆಯ ಉದ್ದಕ್ಕೂ ನಗರದೊಳಗಿದ್ದು ದಿನಚರಿ ಬರೆದ ವೆನಿಸ್‌ನ ವೈದ್ಯ ನಿಕೊಲೊ ಬಾರ್ಬರೊ ಇದನ್ನು ದಾಖಲಿಸಿದ್ದಾನೆ. ಚಂದ್ರ ಕ್ಷೀಣಿಸಿದಾಗ ನಗರ ಬೀಳುತ್ತದೆ ಎಂಬ ಹಳೆಯ ಭವಿಷ್ಯವಾಣಿಯೊಂದು ಅಲ್ಲಿ ಪ್ರಚಲಿತವಿತ್ತು. ಜನ ಎದೆಗುಂದಿದರು. ಕೋಟೆಯ ಹೊರಗಿನ ಡೇರೆಗಳಲ್ಲಿ ಅದೇ ಚಂದ್ರನನ್ನು ನೋಡಿ ಸಂಭ್ರಮ ನಡೆಯಿತೆಂದೂ ಬಾರ್ಬರೊ ಬರೆಯುತ್ತಾನೆ. ಒಂದೇ ಚಂದ್ರ, ಗೋಡೆಯ ಒಂದು ಬದಿಯಲ್ಲಿ ಅಪಶಕುನ, ಇನ್ನೊಂದು ಬದಿಯಲ್ಲಿ ಶುಭಶಕುನ!

ಗ್ರೀಕರಲ್ಲಿ ಇಂದಿಗೂ ಮಂಗಳವಾರ ಹೊಸ ಕೆಲಸ ಶುರು ಮಾಡಬಾರದೆಂಬ ನಂಬಿಕೆ ಉಳಿದಿದೆ. ಅದಕ್ಕೆ ಅವರು ಕೊಡುವ ಕಾರಣ 1453ರ ಆ ಮಂಗಳವಾರ. ಅದೇ ಮಂಗಳವಾರ ಗೆದ್ದವರ ಪಾಲಿಗೆ ಫತ್ಹ್‌ನ ದಿನ. ಹಾಗಾದರೆ ಮಂಗಳವಾರ ಒಳ್ಳೆಯದೋ ಕೆಟ್ಟದ್ದೋ?

ಇನ್ನು ಅದೇ ಊರಿನಲ್ಲಿ, ಅದೇ ತಾರೀಖಿನಲ್ಲಿ, ಅದೇ ವಂಶಕ್ಕೆ ಆದ ಇನ್ನೊಂದು ಸಂಗತಿ. ಇದನ್ನು ಫತ್ಹ್‌ನ ಬಗ್ಗೆ ಭಾಷಣ ಮಾಡುವವರು ಸಾಮಾನ್ಯವಾಗಿ ಹೇಳುವುದಿಲ್ಲ. 1807ರ ಮೇ 29ರಂದು ಇಸ್ತಾಂಬುಲ್‌ನಲ್ಲಿ ಸುಲ್ತಾನ್ ಮೂರನೇ ಸಲೀಮ್‌ರನ್ನು ಸಿಂಹಾಸನದಿಂದ ಇಳಿಸಲಾಯಿತು. ಅವರು ಮಾಡಿದ ಅಪರಾಧವೆಂದರೆ ಸೇನೆಯನ್ನು ಸುಧಾರಿಸಲು ಹೊರಟದ್ದು. ಹಳೆಯ ಜಾನಿಸ್ಸರಿ ಪಡೆ ಯುದ್ಧಕ್ಕಿಂತ ಸವಲತ್ತಿನ ಕಡೆಗೆ ವಾಲಿಹೋಗಿತ್ತು. ಅದಕ್ಕೆ ಬದಲಾಗಿ ನಿಝಾಮೆ ಜದೀದ್ ಎಂಬ ಹೊಸ ಪಡೆಯನ್ನು ಸಲೀಮ್ ಕಟ್ಟಿದರು. ಹೊಸ ಕವಾಯತು, ಹೊಸ ಸಮವಸ್ತ್ರ. ಬಾಸ್ಫರಸ್ ಕೋಟೆಗಳ ಕಾವಲಿನವರು ಆ ಸಮವಸ್ತ್ರ ತೊಡಲು ಒಪ್ಪದೆ ಕಬಕ್ಚಿ ಮುಸ್ತಫಾ ಎಂಬವನ ನಾಯಕತ್ವದಲ್ಲಿ ದಂಗೆ ಎದ್ದರು. ನಾಲ್ಕೇ ದಿನದಲ್ಲಿ ಸುಲ್ತಾನರು ಪದಚ್ಯುತರಾದರು. ಅದಕ್ಕೆ ಶೈಖುಲ್ ಇಸ್ಲಾಮರ ಫತ್ವಾ ಕೂಡ ಸಿಕ್ಕಿತು. ಫತ್ವಾ ಬರೆಯುವ ಕೈಗಳಿಗೆ ಇದು ಮರೆಯಬಾರದ ಪುಟ. ಮರುವರ್ಷ ಜುಲೈಯಲ್ಲಿ ಸಲೀಮ್‌ರನ್ನು ಅರಮನೆಯೊಳಗೇ ಕೊಲ್ಲಲಾಯಿತು.

ಈ ಸಲೀಮ್ ನಮಗೆ ದೂರದವರಲ್ಲ. ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದಿಂದ ಕಳುಹಿಸಿದ ನಿಯೋಗ 1787ರಲ್ಲಿ ಇಸ್ತಾಂಬುಲ್ ತಲುಪಿದಾಗ ಸಿಂಹಾಸನದಲ್ಲಿದ್ದವರು ಮೊದಲನೇ ಅಬ್ದುಲ್ ಹಮೀದ್. ಅವರ ನಂತರ ಬಂದವರೇ ಸಲೀಮ್. ನೆಪೋಲಿಯನ್ ಈಜಿಪ್ಟಿನ ಮೇಲೆ ದಂಡೆತ್ತಿ ಬಂದ ಮೇಲೆ, 1798ರ ಸೆಪ್ಟೆಂಬರ್‌ನಲ್ಲಿ, ಫ್ರೆಂಚರ ಸಹವಾಸ ಬಿಡಬೇಕೆಂದು ಸಲೀಮ್ ಟಿಪ್ಪುವಿಗೆ ಪತ್ರ ಬರೆದರು. ಆ ಪತ್ರ ಮೈಸೂರಿಗೆ ಬಂದದ್ದು ಇಂಗ್ಲಿಷರ ಕೈಯಿಂದಲೇ. ಕೆಲವೇ ತಿಂಗಳಲ್ಲಿ, 1799ರ ಮೇ 4ರಂದು, ಶ್ರೀರಂಗಪಟ್ಟಣದ ಕೋಟೆಯೂ ಬಿತ್ತು, ಟಿಪ್ಪು ಹುತಾತ್ಮರಾದರು.

ತಾರೀಖಿಗೆ ಬರಕತ್ ಇರುವುದಾದರೆ 1453ರಲ್ಲಿ ನಗರವನ್ನು ಕೊಟ್ಟ ತಾರೀಖು 1807ರಲ್ಲಿ ಅದೇ ಮನೆತನದವರಿಂದ ಸಿಂಹಾಸನವನ್ನು ಕಿತ್ತುಕೊಳ್ಳಬಾರದಿತ್ತು. ಅದೂ ಶುಕ್ರವಾರ. ಹೌದು, 1807ರ ಆ ಮೇ 29 ಶುಕ್ರವಾರವಾಗಿತ್ತು.

ಮೂರನೆಯದು ಗ್ರಹಣದ್ದೇ ಸಂಗತಿ. ಆದರೆ ಈ ಬಾರಿ ಗ್ರಹಣವನ್ನು ಹೆದರಿ ನೋಡಿದ್ದಲ್ಲ, ಅಳತೆಪಟ್ಟಿ ಹಿಡಿದು ನೋಡಿದ್ದು. 1919ರ ಮೇ 29ರಂದು ಪೂರ್ಣ ಸೂರ್ಯಗ್ರಹಣ. ಸೂರ್ಯನಂತಹ ಭಾರದ ವಸ್ತುವಿನ ಪಕ್ಕದಲ್ಲಿ ಹಾದುಬರುವ ಬೆಳಕು ಸ್ವಲ್ಪ ಬಾಗುತ್ತದೆ ಎಂದು ಆಲ್ಬರ್ಟ್ ಐನ್‌ಸ್ಟೈನ್ ಲೆಕ್ಕ ಹಾಕಿದ್ದರು. ಎಷ್ಟು ಬಾಗುತ್ತದೆ ಎಂಬ ಅಂಕಿಯನ್ನೂ ಕೊಟ್ಟಿದ್ದರು. ಅದನ್ನು ಪರೀಕ್ಷಿಸಬೇಕಾದರೆ ಸೂರ್ಯನ ಪಕ್ಕದಲ್ಲಿರುವ ನಕ್ಷತ್ರಗಳು ಕಾಣಬೇಕು. ಹಗಲಿನಲ್ಲಿ ನಕ್ಷತ್ರ ಕಾಣುವುದು ಪೂರ್ಣಗ್ರಹಣದ ಆ ಕೆಲವು ನಿಮಿಷಗಳಲ್ಲಿ ಮಾತ್ರ. ಇಂಗ್ಲೆಂಡಿನಿಂದ ಎರಡು ತಂಡಗಳು ಹೊರಟವು. ಒಂದು ಬ್ರೆಜಿಲ್‌ನ ಸೊಬ್ರಾಲ್‌ಗೆ, ಇನ್ನೊಂದು ಆರ್ಥರ್ ಎಡಿಂಗ್ಟನ್ ಜೊತೆಗೆ ಆಫ್ರಿಕಾದ ಪಶ್ಚಿಮಕ್ಕಿರುವ ಪ್ರಿನ್ಸಿಪೆ ದ್ವೀಪಕ್ಕೆ. ಎಡಿಂಗ್ಟನ್ ಧರ್ಮಶ್ರದ್ಧೆಯಿಂದ ಯುದ್ಧವನ್ನು ವಿರೋಧಿಸಿದ್ದ ಇಂಗ್ಲಿಷ್ ಮನುಷ್ಯ. ಮಹಾಯುದ್ಧ ಮುಗಿದು ಏಳೇ ತಿಂಗಳಾಗಿದೆ, ಜರ್ಮನಿಯ ಹೆಸರೆತ್ತಿದರೆ ಇಂಗ್ಲೆಂಡ್ ಉರಿಯುತ್ತಿದೆ. ಆಗ ಆತ ಬರ್ಲಿನ್‌ನಲ್ಲಿ ಕೂತ ಒಬ್ಬನ ಲೆಕ್ಕ ಸರಿಯೋ ತಪ್ಪೋ ನೋಡಲು ಸಮುದ್ರ ದಾಟಿ ಹೋದ. ಪ್ರಿನ್ಸಿಪೆಯಲ್ಲಿ ಅಂದು ಮೋಡ. ತೆಗೆದ ಫೋಟೋಗಳಲ್ಲಿ ಕೆಲಸಕ್ಕೆ ಬಂದವು ಕೆಲವೇ. ಸೊಬ್ರಾಲ್‌ನ ಫೋಟೋಗಳು ಚೆನ್ನಾಗಿ ಬಂದಿದ್ದವು. ಎರಡನ್ನೂ ಅಳೆದು, ಕೂಡಿಸಿ, ನವೆಂಬರ್ 6ರಂದು ಲಂಡನ್‌ನಲ್ಲಿ ಫಲಿತಾಂಶ ಹೇಳಿದರು. ಬೆಳಕು ಬಾಗಿತ್ತು. ಐನ್‌ಸ್ಟೈನ್ ರಾತ್ರಿ ಬೆಳಗಾಗುವುದರೊಳಗೆ ಜಗತ್ಪ್ರಸಿದ್ಧರಾದರು.

ಗ್ರಹಣ ಮತ್ತು ಕಾಕತಾಳೀಯದ ಮಾತು ಬಂದಾಗ ನಮ್ಮ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಘಟನೆ ಒಂದಿದೆ. ಪ್ರವಾದಿ(ಸ)ಯವರ ಪುಟ್ಟ ಮಗ ಇಬ್ರಾಹೀಮ್, ಹಝ್ರತ್ ಮಾರಿಯಾ(ರ)ರಲ್ಲಿ ಹುಟ್ಟಿದ ಮಗು, ಎರಡು ವರ್ಷವೂ ತುಂಬದೆ ಮದೀನದಲ್ಲಿ ತೀರಿಕೊಂಡಿತು. ಅದೇ ದಿನ ಸೂರ್ಯನಿಗೆ ಗ್ರಹಣ ಹಿಡಿಯಿತು. ಜನ ಮಾತನಾಡಿಕೊಂಡರು, ಇದು ಇಬ್ರಾಹೀಮ್‌ರ ಮರಣದ ಕಾರಣ ಆದದ್ದು ಎಂದು. ಮಗನನ್ನು ಮಣ್ಣು ಮಾಡಿದ ತಂದೆಗೆ ಆ ಮಾತು ಸಾಂತ್ವನವಾಗಬಹುದಿತ್ತು. ಸುಮ್ಮನಿದ್ದಿದ್ದರೂ ಸಾಕಿತ್ತು, ಇಡೀ ಅರೇಬಿಯಾ ಅದನ್ನು ನಂಬುತ್ತಿತ್ತು. ಆದರೆ ಅವರು ಜನರನ್ನು ಸೇರಿಸಿ ದೀರ್ಘವಾದ ನಮಾಝ್ ಮಾಡಿಸಿ, ಸೂರ್ಯ ಚಂದ್ರರು ಅಲ್ಲಾಹನ ದೃಷ್ಟಾಂತಗಳಲ್ಲಿ ಎರಡು ಎಂದೂ, ಯಾರೊಬ್ಬರ ಸಾವಿಗಾಗಲಿ ಹುಟ್ಟಿಗಾಗಲಿ ಅವಕ್ಕೆ ಗ್ರಹಣ ಹಿಡಿಯುವುದಿಲ್ಲವೆಂದೂ ತಿಳಿಸಿದರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದು ಇದೆ. ಖಗೋಳದ ಲೆಕ್ಕದಂತೆ ಆ ಗ್ರಹಣ 632ರ ಜನವರಿ 27ಕ್ಕೆ ಬೀಳುತ್ತದೆ, ಹಿಜ್‌ರಿ 10ರ ಶವ್ವಾಲ್ ಕೊನೆ.

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಚರಿತ್ರೆಕಾರ ವಾಕಿದಿಯವರ ವರದಿಯಲ್ಲಿ ಇಬ್ರಾಹೀಮ್ ತೀರಿಕೊಂಡದ್ದು ಚಾಂದ್ರಮಾಸದ 10ನೇ ತಾರೀಖು ಎಂದಿದೆ. ಇಬ್ನು ತೈಮಿಯ್ಯ ಅದನ್ನು ಒಪ್ಪಲಿಲ್ಲ. ಸೂರ್ಯಗ್ರಹಣ ಆಗುವುದು ತಿಂಗಳ ಕೊನೆಯಲ್ಲಿ, ಚಂದ್ರ ಮರೆಯಾಗುವ ಹೊತ್ತಿನಲ್ಲಿ ಮಾತ್ರ. 10ನೇ ತಾರೀಖಿಗೆ ಆಗಲು ದಾರಿಯೇ ಇಲ್ಲ ಎಂದರು. ಆಕಾಶದ ಲೆಕ್ಕದಿಂದ ಪುಸ್ತಕದ ತಾರೀಖನ್ನು ತಿದ್ದಿದ್ದು. ಚಂದ್ರಗ್ರಹಣವಾದರೆ ಹುಣ್ಣಿಮೆಯಲ್ಲಿ ಮಾತ್ರ. 1453ರ ಮೇ 22ರ ಹಗಲು ಜಮಾದಿಲ್ ಅವ್ವಲ್ 13. ಸೂರ್ಯ ಮುಳುಗಿದೊಡನೆ ನಮ್ಮ ಲೆಕ್ಕದಲ್ಲಿ 14ರ ರಾತ್ರಿ. ಗ್ರಹಣ ಹಿಡಿಯಬೇಕಾದ ರಾತ್ರಿಯಲ್ಲೇ ಹಿಡಿದಿದೆ, ಕಾನ್‌ಸ್ಟಾಂಟಿನೋಪಲ್‌ಗೆ ಮುತ್ತಿಗೆ ಇಲ್ಲದಿದ್ದರೂ ಹಿಡಿಯುತ್ತಿತ್ತು.

ನಾಲ್ಕನೆಯದು ಎಲ್ಲರಿಗೂ ಗೊತ್ತಿರುವುದು. 1953ರ ಮೇ 29, ಬೆಳಿಗ್ಗೆ 11:30ಕ್ಕೆ ತೇನ್‌ಸಿಂಗ್ ನೋರ್ಗೆ ಮತ್ತು ಎಡ್ಮಂಡ್ ಹಿಲರಿ ಎವರೆಸ್ಟ್ ಶಿಖರದ ಮೇಲೆ ನಿಂತರು. ಸುದ್ದಿ ಲಂಡನ್‌ನಲ್ಲಿ ಪ್ರಕಟವಾದದ್ದು ಜೂನ್ 2ರಂದು, ರಾಣಿ ಎಲಿಝಬೆತ್‌ರ ಪಟ್ಟಾಭಿಷೇಕದ ದಿನವೇ. ಟೈಮ್ಸ್ ಪತ್ರಿಕೆಯ ವರದಿಗಾರ ಗುಟ್ಟಿನ ಭಾಷೆಯಲ್ಲಿ ಸುದ್ದಿ ಕಳುಹಿಸಿದ್ದ. ಮೇಲ್ನೋಟಕ್ಕೆ ಓದಿದರೆ ಹಿಮದ ಸ್ಥಿತಿ ಕೆಟ್ಟಿದೆ, ಕೆಲಸ ಆಗಲಿಲ್ಲ ಎಂದು ತೋರುವ ಸಾಲುಗಳು. ನಿಜವಾದ ಅರ್ಥ ಶಿಖರ ಏರಿದ್ದಾಯಿತು ಎಂದು. ಅಂದೇ ಇಸ್ತಾಂಬುಲ್‌ನಲ್ಲಿ ಫತ್ಹ್‌ಗೆ 500 ವರ್ಷ ತುಂಬಿತೆಂದು ಉತ್ಸವ ನಡೆಯುತ್ತಿತ್ತು.

ನನಗೆ ಈ ಕಥೆಯಲ್ಲಿ ಹೆಚ್ಚು ಇಷ್ಟವಾಗುವುದು ತೇನ್‌ಸಿಂಗ್ ಅವರ ಹುಟ್ಟುಹಬ್ಬ. ಅವರಿಗೆ ತಾವು ಹುಟ್ಟಿದ ತಾರೀಖು ಗೊತ್ತಿರಲಿಲ್ಲ. ಎವರೆಸ್ಟ್ ಏರಿದ ಮೇಲೆ ಮೇ 29ನ್ನೇ ಹುಟ್ಟಿದ ದಿನವಾಗಿ ಇಟ್ಟುಕೊಂಡರು. ನಮ್ಮ ಮನೆಯ ಹಿರಿಯರ ಆಧಾರ್ ಕಾರ್ಡ್ ತೆಗೆದು ನೋಡಿ. ಅರ್ಧಕ್ಕರ್ಧ ಜನ ಜೂನ್ 1ರಂದು ಹುಟ್ಟಿದವರು! ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ತಾರೀಖದು. ಬಹಳಷ್ಟು ತಾರೀಖುಗಳು ಹೀಗೆಯೇ, ಯಾರೋ ಒಬ್ಬರು ಅನುಕೂಲಕ್ಕೆ ಬರೆದದ್ದು.

ಪಟ್ಟಿಯನ್ನು ಬೆಳೆಸುತ್ತಾ ಹೋಗಬಹುದು. 1914ರ ಮೇ 29ರ ನಸುಕಿನಲ್ಲಿ ಕೆನಡಾದ ಸೇಂಟ್ ಲಾರೆನ್ಸ್ ನದಿಯಲ್ಲಿ ಎಂಪ್ರೆಸ್ ಆಫ್ ಐರ್ಲೆಂಡ್ ಎಂಬ ಹಡಗು ಮಂಜಿನಲ್ಲಿ ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಕಾಲು ಗಂಟೆಯೊಳಗೆ ಮುಳುಗಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು. 1985ರ ಮೇ 29ರಂದು ಬ್ರಸೆಲ್ಸ್‌ನ ಫುಟ್‌ಬಾಲ್ ಮೈದಾನದಲ್ಲಿ ಗೋಡೆ ಕುಸಿದು 39 ಜನ ಸತ್ತರು. ಅಮೆರಿಕದ ಅಧ್ಯಕ್ಷ ಕೆನಡಿ ಹುಟ್ಟಿದ್ದು 1917ರ ಮೇ 29. ಒಂದು ತಾರೀಖಿಗೆ ಇಷ್ಟೊಂದು ಹೇಗೆ ಎಂದು ಬೆರಗಾಗಬೇಕಿಲ್ಲ. ವರ್ಷಕ್ಕಿರುವುದು 365 ದಿನ, ಚರಿತ್ರೆಗೆ ಸಾವಿರಾರು ವರ್ಷ. ಯಾವ ಮನೆಗೂ ನೆಂಟರು ಕಡಿಮೆಯಿಲ್ಲ. 23 ಜನ ಒಂದು ಕೋಣೆಯಲ್ಲಿದ್ದರೆ ಇಬ್ಬರ ಹುಟ್ಟಿದ ತಾರೀಖು ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು ಎಂದು ಗಣಿತದವರು ಲೆಕ್ಕ ಮಾಡಿ ತೋರಿಸಿದ್ದಾರೆ. ಜೂನ್ 1ರವರು ಇದ್ದರೆ ಲೆಕ್ಕವೇ ಬೇಡ.

ಇನ್ನು ನಿಜವಾದ ಗಂಟು. ಇವೆಲ್ಲ ಒಂದೇ ತಾರೀಖಿನಂದು ಆದವು ಎಂದೆವಲ್ಲ, ಅದು ನಿಜವೇ? 1453ರಲ್ಲಿ ಯುರೋಪಿನವರು ಎಣಿಸುತ್ತಿದ್ದದ್ದು ಜೂಲಿಯನ್ ಪಂಚಾಂಗ. ಅದು ಸೂರ್ಯನಿಗಿಂತ ಹಿಂದೆ ಬಿದ್ದಿತ್ತು. 1582ರಲ್ಲಿ ಪೋಪ್ ಗ್ರೆಗರಿ ಅದನ್ನು ತಿದ್ದಿಸಿದಾಗ ಅಕ್ಟೋಬರ್ 4ರ ಮರುದಿನ ಅಕ್ಟೋಬರ್ 15 ಆಯಿತು. ನಡುವಿನ ಹತ್ತು ತಾರೀಖುಗಳು ಇಲ್ಲವೇ ಇಲ್ಲ. ಇಂಗ್ಲೆಂಡ್ ಇದನ್ನು ಒಪ್ಪಿದ್ದು 1752ರಲ್ಲಿ. ಅಲ್ಲಿ ಸೆಪ್ಟೆಂಬರ್ 2ರ ಮರುದಿನ 14. ರಷ್ಯಾ ಒಪ್ಪಿದ್ದು 1918ರಲ್ಲಿ. ಆದ್ದರಿಂದಲೇ ಅವರ ಅಕ್ಟೋಬರ್ ಕ್ರಾಂತಿಯ ಹಬ್ಬ ನವೆಂಬರ್‌ನಲ್ಲಿ. ಶೇಕ್ಸ್‌ಪಿಯರ್ ತೀರಿಕೊಂಡದ್ದೂ, ಸ್ಪೇನಿನ ದೊಡ್ಡ ಲೇಖಕ ಸೆರ್ವಾಂಟಿಸ್ ದಫನ ಆದದ್ದೂ 1616ರ ಏಪ್ರಿಲ್ 23 ಎಂದು ಹೇಳಿ ಶಾಲೆಗಳಲ್ಲಿ ಅಂದು ಪುಸ್ತಕ ದಿನ ಆಚರಿಸುತ್ತಾರೆ. ಸ್ಪೇನಿನಲ್ಲಿ ಹೊಸ ಪಂಚಾಂಗ, ಇಂಗ್ಲೆಂಡಿನಲ್ಲಿ ಹಳೆಯದು. ನಿಜವಾಗಿ ಎರಡರ ನಡುವೆ ಹತ್ತು ದಿನ ಇದೆ. (ಸೆರ್ವಾಂಟಿಸ್ ಐದು ವರ್ಷ ಅಲ್ಜಿಯರ್ಸ್‌ನಲ್ಲಿ ಸೆರೆಯಾಳಾಗಿದ್ದವನು. ಅದು ಬೇರೆಯೇ ಕಥೆ, ಇನ್ನೊಮ್ಮೆ ನೋಡೋಣ.)

ಹಾಗೆ ನೋಡಿದರೆ ಫತ್ಹ್‌ನ ದಿನ ಈಗಿನ ಲೆಕ್ಕಕ್ಕೆ ಜೂನ್ 7. ಇಸ್ತಾಂಬುಲ್‌ನವರು 1953ರಲ್ಲಿ 500 ವರ್ಷ ಎಂದು ಹಬ್ಬ ಮಾಡಿದ್ದು ಒಂಬತ್ತು ದಿನ ಮುಂಚಿತವಾಗಿ. ಫತ್ಹ್ ಮಾಡಿದ ಸುಲ್ತಾನರನ್ನು ಕೇಳಿದ್ದರೆ ಅವರು ಮೇ 29 ಎನ್ನುತ್ತಲೂ ಇರಲಿಲ್ಲ. ಅವರ ಲೆಕ್ಕದಲ್ಲಿ ಅದು ಹಿಜ್‌ರಿ 857ರ ಜಮಾದಿಲ್ ಅವ್ವಲ್ 20. ಹಿಜ್‌ರಿ ಪ್ರಕಾರ 500 ವರ್ಷ ತುಂಬಿದ್ದು 1938ರ ಜುಲೈಯಲ್ಲೇ. ಸಲೀಮ್ ಪದಚ್ಯುತರಾದ ದಿನ ರಬೀಉಲ್ ಅವ್ವಲ್ 21. ಎಡಿಂಗ್ಟನ್ ಗ್ರಹಣ ನೋಡಿದ ದಿನ ಶಅಬಾನ್ ಮುಗಿಯುತ್ತಿತ್ತು, ಒಂದೆರಡು ದಿನದಲ್ಲಿ ರಮಝಾನ್ ಚಂದ್ರ ಕಾಣಬೇಕಿತ್ತು. ತೇನ್‌ಸಿಂಗ್ ಶಿಖರದ ಮೇಲೆ ನಿಂತಾಗ ಕೆಳಗಿನ ಊರುಗಳಲ್ಲಿ ರಮಝಾನ್ ಅರ್ಧ ಆಗಿತ್ತು, ಅದೂ ಜುಮಾ ದಿನ. ಹಿಜ್‌ರಿಯಲ್ಲಿ ಬರೆದರೆ ನಾಲ್ಕರಲ್ಲಿ ಯಾವ ಎರಡಕ್ಕೂ ಒಂದೇ ತಾರೀಖು ಇಲ್ಲ. ನಂಟು ಇದ್ದದ್ದು ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಮಾತ್ರ.

ಹಿಜ್‌ರಿ ಎಣಿಕೆಯೂ ಆಕಾಶದಿಂದ ಇಳಿದು ಬಂದದ್ದಲ್ಲ. ತಿಂಗಳುಗಳು ಮೊದಲೇ ಇದ್ದವು. ವರ್ಷದ ಎಣಿಕೆ ಬಂದದ್ದು ಹಝ್ರತ್ ಉಮರ್(ರ)ರ ಆಡಳಿತದಲ್ಲಿ, ಕಚೇರಿಯ ಅಗತ್ಯಕ್ಕೆ. ಶಅಬಾನ್ ಎಂದಷ್ಟೇ ಬರೆದ ಒಂದು ಕಾಗದ ಬಂದಾಗ ಅದು ಯಾವ ವರ್ಷದ ಶಅಬಾನ್ ಎಂದು ತಿಳಿಯದೆ ಹೋಯಿತು. ಸಹಾಬಿಗಳನ್ನು ಸೇರಿಸಿ, ಯಾವುದರಿಂದ ಎಣಿಸೋಣ ಎಂದು ಸಮಾಲೋಚಿಸಿ, ಹಿಜ್‌ರತ್‌ನಿಂದ ಎಂದು ನಿರ್ಧರಿಸಿದರು. ನಮ್ಮ ಟಿಪ್ಪು ಸುಲ್ತಾನ್ ಅದನ್ನೂ ಬದಲಾಯಿಸಿ ಮೌಲೂದಿ ಎಂಬ ಬೇರೆ ಎಣಿಕೆ ತಂದು, ತಿಂಗಳುಗಳಿಗೆ ಅಹ್ಮದಿ, ಬಹಾರಿ ಎಂದು ಹೊಸ ಹೆಸರಿಟ್ಟು, ನಾಣ್ಯಗಳ ಮೇಲೂ ಅಚ್ಚು ಹಾಕಿಸಿದ್ದರು. ಅವರ ಪಂಚಾಂಗ ಅವರೊಂದಿಗೇ ಹೋಯಿತು.

ಈಗ ಸಫರ್ ತಿಂಗಳ ಮಾತು. ನಮ್ಮ ದಖನಿ ಮನೆಗಳಲ್ಲಿ ಸಫರ್‌ನ ಮೊದಲ ಹದಿಮೂರು ದಿನಕ್ಕೆ ತೇರಾ ತೇಜಿ ಎಂಬ ಹೆಸರು. ನಿಕಾಹ್ ಇಲ್ಲ, ಹೊಸ ಮನೆಗೆ ಹೋಗುವುದಿಲ್ಲ, ಪ್ರಯಾಣವಿಲ್ಲ. ಕರಾವಳಿಯಲ್ಲಿ ನಹ್ಸ್ ನೋಡುವ ರೂಢಿ. ಸಫರ್‌ನಲ್ಲಿ ಅಪಶಕುನವಿಲ್ಲವೆಂದು ಪ್ರವಾದಿ(ಸ)ಯವರು ಆ ತಿಂಗಳ ಹೆಸರು ಹಿಡಿದೇ ಹೇಳಿದ್ದು ಬುಖಾರಿಯಲ್ಲಿದೆ. ಶವ್ವಾಲ್‌ನಲ್ಲಿ ಮದುವೆ ಕೂಡದೆಂಬ ನಂಬಿಕೆ ಹಿಂದಿನ ಅರಬರಲ್ಲಿತ್ತು. ಹಝ್ರತ್ ಆಯಿಶಾ(ರ) ತಮ್ಮ ನಿಕಾಹ್ ಆದದ್ದೇ ಶವ್ವಾಲ್‌ನಲ್ಲಿ ಎಂದು ಎತ್ತಿ ಹೇಳುತ್ತಿದ್ದರು. ಇದನ್ನೆಲ್ಲ ಕೇಳಿ ತಲೆಯಾಡಿಸಿದವರೇ ಮರುವಾರ ಬಂದು, "ಹಝ್ರತ್, ನೀವು ಹೇಳಿದ್ದು ಸರಿ, ಆದರೆ ಹುಡುಗನ ಮನೆಯವರು ಒಪ್ಪುತ್ತಿಲ್ಲ" ಎನ್ನುತ್ತಾರೆ. ಶಾದಿಮಹಲ್‌ಗೆ ಕೊಟ್ಟ ಮುಂಗಡ ಹೋಗುತ್ತದೆ, ಸೌದಿಯಿಂದ ರಜೆ ಹಾಕಿ ಬಂದ ಅಣ್ಣ ತಂಗಿಯ ನಿಕಾಹ್ ನೋಡದೆ ವಾಪಸು ಹೋಗುತ್ತಾನೆ, ಹುಡುಗಿಯ ತಂದೆ ಮತ್ತೊಮ್ಮೆ ಸಾಲಕ್ಕೆ ಓಡಾಡುತ್ತಾನೆ. ಹುಡುಗಿಯನ್ನು ಯಾರೂ ಕೇಳುವುದಿಲ್ಲ.

ಮುಹರ್ರಮ್ 10ರ ಬಗ್ಗೆ ಒಂದು ಮಾತು ಹೇಳದಿದ್ದರೆ ಓದುಗರೇ ಕೇಳುತ್ತೀರಿ. ಅಂದು ಹಝ್ರತ್ ಮೂಸಾ(ಅ) ಮತ್ತು ಅವರ ಜನರಿಗೆ ಫಿರ್ಔನ್‌ನಿಂದ ಬಿಡುಗಡೆ ಸಿಕ್ಕಿದ್ದು, ಅದಕ್ಕಾಗಿ ಉಪವಾಸ, ಇದು ಸಹೀಹ್ ಹದೀಸ್‌ಗಳಲ್ಲಿದೆ. ಹಿಜ್‌ರಿ 61ರಲ್ಲಿ ಅದೇ ತಾರೀಖಿನಂದು ಕರ್ಬಲಾದಲ್ಲಿ ಹಝ್ರತ್ ಹುಸೈನ್(ರ) ಹುತಾತ್ಮರಾದದ್ದು ಚರಿತ್ರೆ. ಬಿಡುಗಡೆಯೂ ಶಹಾದತ್ತೂ ಒಂದೇ ತಾರೀಖು. ಇವೆರಡರ ಮೇಲೆ ನಂತರದವರು ಪೇರಿಸಿದ ರಾಶಿ ದೊಡ್ಡದಿದೆ. ಆಕಾಶ ಭೂಮಿ ಸೃಷ್ಟಿಯಾದದ್ದೂ ಅಂದೇ, ಇಬ್ರಾಹೀಮ್(ಅ) ಬೆಂಕಿಯಿಂದ ಪಾರಾದದ್ದೂ ಅಂದೇ, ಯೂನುಸ್(ಅ) ಮೀನಿನ ಹೊಟ್ಟೆಯಿಂದ ಹೊರಬಂದದ್ದೂ ಅಂದೇ ಎಂಬ ವರದಿಗಳನ್ನು ಹದೀಸ್ ವಿದ್ವಾಂಸರು ದುರ್ಬಲವೆಂದೂ ಕಟ್ಟಿದವೆಂದೂ ಬದಿಗಿಟ್ಟಿದ್ದಾರೆ. ವಾಟ್ಸಾಪ್ ಇಲ್ಲದ ಕಾಲದಲ್ಲೂ "ಚರಿತ್ರೆಯಲ್ಲಿ ಈ ದಿನ" ಇತ್ತು!

ತಾರೀಖು ಗುರುತು ಹಾಕಿಕೊಳ್ಳಲೇಬೇಕು ಎನ್ನುವವರಿಗೆ ಒಂದು ಕೊಡುತ್ತೇನೆ. 2027ರ ಆಗಸ್ಟ್ 2, ಸೋಮವಾರ. ಅಂದು ಮಧ್ಯಾಹ್ನ ಪೂರ್ಣ ಸೂರ್ಯಗ್ರಹಣದ ನೆರಳು ಈಜಿಪ್ಟನ್ನು ದಾಟಿ ಜಿದ್ದಾ ಮತ್ತು ಮಕ್ಕಾದ ಮೇಲೆ ಹಾಯುತ್ತದೆ. ಮಕ್ಕಾದಲ್ಲಿ ಸುಮಾರು ಐದು ನಿಮಿಷ ಕತ್ತಲು. ಹಿಜ್‌ರಿ 1449ರ ಸಫರ್ ಮುಗಿಯುವ ಹೊತ್ತು ಅದು. ಸೂರ್ಯಗ್ರಹಣವಲ್ಲವೇ, ತಿಂಗಳ ಕೊನೆಯಲ್ಲೇ ಆಗಬೇಕು. ಸಫರ್ ಮತ್ತು ಗ್ರಹಣ ಒಟ್ಟಿಗೆ ಬಂದವೆಂದು ಏನೇನು ಸಂದೇಶಗಳು ಹರಿದಾಡಲಿವೆಯೋ, ಈಗಲೇ ಊಹಿಸಬಹುದು. ನಮ್ಮ ಕಡೆಗೆ ಅದು ಸಂಜೆಯ ಹೊತ್ತಿಗೆ ಭಾಗಶಃ ಗ್ರಹಣ. ಆಗಸ್ಟ್ ತಿಂಗಳು, ಕರಾವಳಿ ಮಲೆನಾಡಿನವರಿಗೆ ಎಡಿಂಗ್ಟನ್‌ಗೆ ಸಿಕ್ಕಂತೆ ಮೋಡವೇ ಸಿಗಬಹುದು. ಬಯಲುಸೀಮೆಯವರು ಬರಿಗಣ್ಣಿನಿಂದ ಸೂರ್ಯನನ್ನು ನೋಡಬೇಡಿ. ಮಸೀದಿಗಳಲ್ಲಿ ಕುಸೂಫ್ ನಮಾಝ್ ಇರುತ್ತದೆ. ಎರಡು ರಕಅತ್. ಶಾಫಿಈಗಳಿಗೆ ಪ್ರತಿ ರಕಅತ್‌ನಲ್ಲಿ ಎರಡು ರುಕೂಅ್, ಹನಫಿಗಳಿಗೆ ಎಂದಿನಂತೆ ಒಂದು. ಅಂದು ಸಂಜೆ ಯಾರಾದರೂ ನಿಕಾಹ್ ಇಟ್ಟುಕೊಂಡರೆ ನಮಾಝ್ ಮುಗಿಸಿಕೊಂಡು ಓದಿಸಿಕೊಡಲು ನಾನು ತಯಾರಿದ್ದೇನೆ.